ಸಕ್ರಿ ಬಿಟ್ಟ ಚಾ

ಹೊಲಿಗೆ ಮಷಿನ್ ರಿಪೇರಿಗೆ ಊರೂರು ತಿರುಗುವ ನನಗೆ ಮನೆಮನೆಯ ಚಹಾದಿಂದಲೇ ಹೊಟ್ಟೆ ಬಂದಿತ್ತು. ಸಕ್ಕರೆ ಬಿಟ್ಟೆ, ಮಿರ್ಚಿ-ಮಂಡಕ್ಕಿ ವಾರಕ್ಕೊಮ್ಮೆ ಮಾತ್ರ ತಿಂದೆ. ಪ್ಯಾಂಟು ಸಡಿಲಾಗತೊಡಗಿತು.

ತಂಬ್ರಹಳ್ಳಿಯಲ್ಲಿ ಊರ ಹೊರಗಿನ ಕೇರಿಯ ಒಂದು ಮನೆಯಲ್ಲಿ ಮಷಿನ್ ಬಿಚ್ಚಿ ಕೂತಿದ್ದೆ. ಮನೆಯಾಕೆ ಚಹಾ ತಂದರು.

“ಬ್ಯಾಡ್ರಿ ಅಕ್ಕಾರ, ಈಗಷ್ಟ ಕುಡದು ಬಂದೀನಿ” ಅಂದೆ.

ಅವರ ಮುಖ ಬಾಡಿತು. “ಇರ್ಲಿ ಬಿಡ್ರಿ. ನಮ್ಮ ಕೇರಿಗೆ ಬಂದೋರೆಲ್ಲ ಎಲ್ಲೋ ಕುಡದು ಬಂದಿರ್ತಾರ.”

ನಾಚಿಕೆಯಿಂದ ಕಿವಿ ಬಿಸಿಯಾದವು. “ಅದಕ್ಕಲ್ರೀ! ಮೈ ಇಳಿಸಾಕ ಸಕ್ರಿ ಬಿಟ್ಟೀನಿ” ಎಂದು ಎದ್ದು ನಿಂತು ಪ್ಯಾಂಟಿನ ಸೊಂಟ ಜಗ್ಗಿ ತೋರಿಸಿದೆ. ತೋರಿಸಿದ ಮೇಲೆ ಇನ್ನಷ್ಟು ನಾಚಿಕೆಯಾಯಿತು.

ಆಕೆ ಜೋರಾಗಿ ನಕ್ಕರು. “ಹಂಗಂತ ಮೊದ್ಲ ಹೇಳಬಾರದೇನ್ರಿ ಅಣ್ಣಾ?”

ಸಕ್ಕರೆ ಇಲ್ಲದ ಚಹಾ ಬಂತು, ಕುಡಿದೆ.

ಅಂದಿನಿಂದ ಯಾರ ಮನೆಗೆ ಹೋದರೂ ಅವರು ಕೇಳುವ ಮೊದಲೇ “ಸಕ್ರಿ ಬಿಟ್ಟು ಚಾ ಕೊಡ್ರಿ” ಅನ್ನುತ್ತೇನೆ. ಮೈಯೇನೋ ಇಳಿದಿದೆ, ಕೇಳಿ ಕುಡಿಯುವ ನಾಚಿಕೆಗೇಡಿ ಎಂದು ಊರೂರಲ್ಲಿ ಬಿದ್ದ ಹೆಸರು ಮಾತ್ರ ಇಳಿದಿಲ್ಲ.