ಇಕ್ಕಟ್ಟಿನಲ್ಲಿ ನಿಂತುಹೋದ ಕಾಲು

ಅಮೆರಿಕದ ಡಬ್ಲಿನ್ನಿನ ಶೈಲಜಾಗೆ ಐವತ್ತೆರಡು ವರ್ಷ. ಮೈಸೂರಿನಲ್ಲಿ ಫಾರ್ಮಸಿ ಓದಿ ಬಂದವಳು, ಈಗ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ವಾರವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ದುಡಿಯುವ ಆಕೆಗೆ ಇದ್ದದ್ದು ಒಂದೇ ಹುಚ್ಚು: ಯೂಟಾ ಮರುಭೂಮಿಯ ಕಿರುಕಣಿವೆಗಳು. ನೀರು ಕೊರೆದು ಮಾಡಿದ ಕೆಂಪು ಬಂಡೆಯ ಓಣಿಗಳವು. ಕೆಲವು ಕಡೆ ಬೆನ್ನಚೀಲವನ್ನು ಕಳಚಿ ಕೈಯಲ್ಲಿ ಹಿಡಿದು, ಅಡ್ಡಡ್ಡ ತಿರುಗಿ ನುಸುಳಬೇಕು. ಮಗಳು ನಿಹಾರಿಕಾಳ ಸ್ಪ್ರಿಂಗ್ ಬ್ರೇಕಿನ ರಜೆ ಬಂತೆಂದರೆ ಮನೆಯವರೆಲ್ಲ ಕಾರು ಹತ್ತಿ ಅತ್ತ ಹೊರಡುತ್ತಿದ್ದರು. ಬೆನ್ನನ್ನು ಒಂದು ಗೋಡೆಗೆ, ಪಾದವನ್ನು ಇನ್ನೊಂದಕ್ಕೆ ಒತ್ತಿ ಮೇಲೇರುವುದನ್ನು ಗಂಡ ಜಯರಾಮ್‌ಗೆ ಕಲಿಸಿದವಳೂ ಅವಳೇ.

ಹೋದ ವರ್ಷ ಅಂಥದೊಂದು ಓಣಿಯಲ್ಲಿ ಅವಳ ಕಾಲು ನಿಂತುಹೋಯಿತು. ಕಾಲಡಿ ಸಮತಟ್ಟಾದ ಮರಳು, ಎದುರಿಗೆ ಏನೂ ಅಡ್ಡವಿರಲಿಲ್ಲ. ಆದರೂ ಪಾದಗಳು ಅಂಟು ಹಾಕಿದಂತೆ ಏಳಲೊಲ್ಲವು. ಹಿಂದೆ ಜಯರಾಮ್, ಅವನ ಹಿಂದೆ ಅಪರಿಚಿತರ ಸಾಲು.

"ಏನಾಯ್ತು ಶೈಲಾ? ಭಯ ಆಯ್ತಾ?"

"ಭಯ ಅಲ್ಲ. ಕಾಲು ಬರ್ತಿಲ್ಲ."

"ಅಮ್ಮಾ, ಜಸ್ಟ್ ಕಮ್! ಪೀಪಲ್ ಆರ್ ವೇಟಿಂಗ್," ಎಂದು ಮುಂದಿದ್ದ ನಿಹಾರಿಕಾ ಕೂಗಿದಳು. ಆಮೇಲೆ ತಾಯಿಯ ಮುಖ ಕಂಡು ಗಾಬರಿಯಾಗಿ ಹಿಂದಕ್ಕೆ ಬಂದು, ತನ್ನ ಕಾಲನ್ನೇ ಅಡ್ಡ ಚಾಚಿದಳು. "ಸ್ಟೆಪ್ ಓವರ್ ಇಟ್." ಶೈಲಜಾ ಅದನ್ನು ದಾಟಲು ಪಾದವೆತ್ತಿದಳು. ಎತ್ತಿದ್ದೇ ತಡ, ನಡಿಗೆ ಮತ್ತೆ ಶುರುವಾಯಿತು. ಹೊರಗಿನ ಬಯಲಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಸುಸ್ತು ಇರಬೇಕು ಎಂದುಕೊಂಡರು.

ಮನೆಗೆ ಬಂದ ಮೇಲೆ ಲಾಂಡ್ರಿ ಕೋಣೆಯ ಬಾಗಿಲಲ್ಲಿ ಹಾಗೇ ಆಯಿತು. ಇನ್ನೊಂದು ದಿನ ರೈಲು ಹತ್ತುವಾಗ ಬಾಗಿಲಲ್ಲೇ ನಿಂತುಬಿಟ್ಟಳು, ಹಿಂದಿನವರು ತಳ್ಳಿಕೊಂಡು ಹೋದರು. ಎರಡು ವರ್ಷದಿಂದ ಬಲ ಭುಜ ಬಿಗಿಯಾಗಿದ್ದದ್ದು, ಕೈಬರಹ ಚಿಕ್ಕದಾಗುತ್ತಾ ಬಂದದ್ದು ಎಲ್ಲವನ್ನೂ ನರರೋಗದ ಡಾಕ್ಟರು ಕೇಳಿ ತಿಳಿದುಕೊಂಡರು. ಪಾರ್ಕಿನ್ಸನ್ಸ್ ಎಂದರು. ಇಕ್ಕಟ್ಟಾದ ಜಾಗದಲ್ಲಿ ಕೆಲವರಿಗೆ ಹೆಜ್ಜೆ ಹೆಪ್ಪುಗಟ್ಟಿದಂತಾಗುತ್ತದೆ, ದಾಟಲು ಏನಾದರೂ ಕಣ್ಣಿಗೆ ಕಂಡರೆ ಬಿಡುತ್ತದೆ ಎಂದು ವಿವರಿಸಿದರು. ಆ ರೋಗದ ಮಾತ್ರೆಗಳನ್ನು ಪರರಿಗೆ ಎಷ್ಟೋ ಸಲ ಎಣಿಸಿ ಕೊಟ್ಟಿದ್ದ ಶೈಲಜಾ ಹೆಸರು ಕೇಳಿದ ಕೂಡಲೇ ಮುಂದಿನದ್ದನ್ನೆಲ್ಲ ಬಲ್ಲವಳಾಗಿದ್ದಳು. ಕಾರಿನಲ್ಲಿ ಕೂತು ಅತ್ತಳು.

ಚಳಿಗಾಲದಲ್ಲಿ ಒಂದು ದಿನ, ದಾನಕ್ಕೆಂದು ಗರಾಜಿನಲ್ಲಿಟ್ಟಿದ್ದ ಚೀಲದಲ್ಲಿ ಅವಳ ಹೈಕಿಂಗ್ ಬೂಟು ಸಿಕ್ಕಿತು.

"ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

"ಮನೆ ಬಾಗಿಲಲ್ಲೇ ನಿಂತುಬಿಡ್ತೀಯ. ಅಲ್ಲಿ ಬಂಡೆ ಮಧ್ಯೆ ನಿಂತ್ರೆ ಯಾರು ಎತ್ಕೊಂಡು ಬರ್ತಾರೆ?" ಎಂದ ಜಯರಾಮ್.

ಅವನು ಹೇಳಿದ್ದು ನಿಜವೇ. ಅದಕ್ಕೇ ಅವಳ ಸಿಟ್ಟು ಇಳಿಯಲಿಲ್ಲ. ಎಷ್ಟೋ ದಿನ ಅವನೊಡನೆ ಮಾತು ಬಿಟ್ಟಳು. ಕೊನೆಗೆ ಅವನೇ, "ಒಂದ್ಸಲ ಹೋಗ್ಬರೋಣ. ಸುಲಭದ್ದು ಯಾವುದಾದ್ರೂ," ಎಂದ.

ಈ ಏಪ್ರಿಲ್‌ನಲ್ಲಿ ಮೂವರೂ ಹೋದರು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ದಿಢೀರ್ ನೆರೆಯ ಭಯಕ್ಕೆ ಆಕಾಶದಲ್ಲಿ ಮೋಡವಿಲ್ಲವೆಂದು ನೋಡಿಕೊಂಡು ಒಳಹೊಕ್ಕರು. ಕಣಿವೆಗೆ ಅಡ್ಡ ಸಿಕ್ಕಿಕೊಂಡಿದ್ದ ಬಂಡೆಯನ್ನು ಶೈಲಜಾ ಹಿಂದಿನಂತೆಯೇ ಸಲೀಸಾಗಿ ಹತ್ತಿದಳು. ಮೇಲೆ ನಿಂತು ಜೋರಾಗಿ ನಕ್ಕಳು. ಜಯರಾಮ್ ಕೂಡ ನಕ್ಕ. ಆಚೆ ಇಳಿದು ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಗೋಡೆಗಳು ಹತ್ತಿರವಾದಲ್ಲಿ ಕಾಲು ನಿಂತಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ಮಂಡಿ ತರಚಿ, ಭುಜ ಸಂದಿನಲ್ಲಿ ಸಿಕ್ಕಿಕೊಂಡಿತು. ಜಯರಾಮ್, ನಿಹಾರಿಕಾ ಇಬ್ಬರೂ ಸೇರಿ ಅವಳನ್ನು ಎಳೆದು ಬಿಡಿಸಿದರು.

"ಸಾಕು. ತಿರುಗೋಣ," ಎಂದಳು ಶೈಲಜಾ. ಅವಳೇ ಹೇಳಿದ್ದು, ಯಾರೂ ಹೇಳಿಸಿದ್ದಲ್ಲ.

ವಾಪಸು ಬರುವಾಗ, ಕಾರಿನಲ್ಲಿ ಬಹಳ ಹೊತ್ತಾದ ಮೇಲೆ ನಿಹಾರಿಕಾ ಕೇಳಿದಳು: "ಅಮ್ಮಾ, ನೆಕ್ಸ್ಟ್ ಇಯರ್ ನಾನು, ಅಪ್ಪ ಹೋಗ್ಬಹುದಾ? ಓನ್ಲಿ ಇಫ್ ಯೂ ಆರ್ ಓಕೆ."

ಜಯರಾಮ್ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ರಸ್ತೆಯತ್ತ ಕಣ್ಣು ತಿರುಗಿಸಿದ. ಶೈಲಜಾ ಮಂಡಿಯ ಮೇಲಿನ ಬ್ಯಾಂಡೇಜನ್ನು ಸರಿಪಡಿಸಿಕೊಂಡಳು. ನೋವು, ಹೊಟ್ಟೆಕಿಚ್ಚು, ಎರಡೂ ಇದ್ದವು. ಫ್ರೀವೇ ಬದಿಯಲ್ಲಿ ಊರೊಂದು ಬಂದು ಹಿಂದೆ ಹೋಯಿತು.

"ಹೋಗಿ," ಎಂದಳು ಕೊನೆಗೆ. "ಆದ್ರೆ ಫೋಟೋ ತಂದು ತೋರಿಸ್ಬೇಡ. ನಾನಾಗಿ ಕೇಳೋ ತನಕ."