ಕಣ್ಣು ಕಟ್ಟಿದ ಹೇಸರಗತ್ತೆ

ಚನ್ನರಾಯಪಟ್ಟಣ ಬಿಟ್ಟ ಇದ್ದಿಲು ಗ್ಯಾಸಿನ ಬಸ್ಸು, ಹೊಳೆನರಸೀಪುರ ಇನ್ನೂ ಎರಡು ಹರದಾರಿ ಇರುವಾಗಲೇ ನಿಂತುಬಿಟ್ಟಿತು. ಪೆಟ್ರೋಲು ಯುದ್ಧಕ್ಕೆ ಹೋಗಿದೆ. ನಮ್ಮ ಪಾಲಿಗೆ ಮಸಿ. ಕಂಡಕ್ಟರು ಬಸ್ಸಿನ ಬೆನ್ನಿಗೆ ಕಟ್ಟಿದ್ದ ಇದ್ದಿಲ ಒಲೆಗೆ ಹಿಡಿ ತಿರುಗಿಸಿ ಗಾಳಿ ಊದತೊಡಗಿದ. ನಾನು ದಾರಿ ಬದಿಯ ಕಾಫಿ ಅಂಗಡಿಯ ಜಗಲಿಯಲ್ಲಿ ಕೂತು ಪುಸ್ತಕ ತೆರೆದೆ. ಸ್ಪೇನಿನವರು ಮೆಕ್ಸಿಕೋ ಆಳುತ್ತಿದ್ದಾಗ ಬೆಳ್ಳಿ, ಉಪ್ಪು ಸಾಗಿಸಿದ ದಾರಿಯ ಚರಿತ್ರೆ ಅದು. ಚಿತ್ರದಲ್ಲಿ ಮೂಟೆ ಹೊರುವ ಹೇಸರಗತ್ತೆಗಳ ಸಾಲು.

ಪಕ್ಕದಲ್ಲಿದ್ದ ಮುದುಕ ಚಿತ್ರದ ಮೇಲೆ ಬಾಗಿದ. ಪ್ರಾಯದಲ್ಲಿ ಎತ್ತಿನ ಬೆನ್ನ ಮೇಲೆ ಘಟ್ಟದ ಕೆಳಗಿಂದ ಉಪ್ಪು ಹೇರಿಕೊಂಡು ಬರುತ್ತಿದ್ದವನಂತೆ.

“ಇದರ ಕಣ್ಗೆ ಯಾಕ್ ಸಾ ಬಟ್ಟೆ ಕಟ್ಟವ್ರೆ?”

“ಮೂಟೆ ಏರಿಸುವಾಗ ಬೆದರದೆ ಇರಲಿ ಅಂತ. ಆಮೇಲೆ ಬಿಚ್ಚುತ್ತಿದ್ದರಂತೆ.”

ಅವನಿಗೆ ಅದು ಹಿಡಿಸಲಿಲ್ಲ. “ನಾನು ಮೂಟೆ ಏರ್ಸೋವಾಗ ನಮ್ಮಣ್ಣ ಎತ್ತಿನ ಮುಂದ್ಗಡೆ ನಿಂತ್ಕಳೋನು. ಅವನ ಮಕ ಕಾಣ್ತಿದ್ರೆ ಅದು ಅಲ್ಲಾಡ್ತಿರ್ನಿಲ್ಲ. ಈ ದಾರಿ ಎಷ್ಟು ದಿವ್ಸದ್ದು ಸಾ?”

“ತಿಂಗಳುಗಟ್ಟಲೆ.”

“ಅಷ್ಟು ದಿವ್ಸ ಜೊತೇಲಿ ನಡದ್ರೂವೆ, ಮುಂದೆ ನಿಂತು ಮಕ ತೋರ್ಸೋಕೆ ಒಬ್ನೂ ಇರ್ನಿಲ್ವಾ?”

ನಾನು ಹಾಳೆ ಮಗುಚಿದೆ. ದೊರೆಗಳ ಹೆಸರಿತ್ತು, ಗಣಿಗಳ ಹೆಸರಿತ್ತು, ಬೆಳ್ಳಿಯ ತೂಕವೂ ಇತ್ತು. ಅಷ್ಟರಲ್ಲಿ ಬಸ್ಸು ಕೆಮ್ಮಿಕೊಂಡು ಎದ್ದಿತು. ನಾನೂ ಪುಸ್ತಕ ಮುಚ್ಚಿ ಎದ್ದೆ.

“ಮುಚ್ಬ್ಯಾಡಿ ಸಾ, ಕೊನೇಗಂಟ ಓದಿ,” ಅಂದ ಮುದುಕ. “ಮಕ ತೋರ್ಸೋನು ಎಲ್ಲಾದ್ರೂ ಒಬ್ಬ ಇದ್ದಾನು.”