ಕರೆದವರೇ ಕಳಿಸಬೇಕು

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಬಿಳಿ ಪಟ್ಟಿ ಸುತ್ತಿರುತ್ತಿತ್ತು. ಗಾಜು ಬಿರುಕುಬಿಟ್ಟ ಹಳೆಯ ಫೋನನ್ನು ಬಿಡದೆ ಒತ್ತಿ ಆದ ಗಾಯ. ಎಡಗೈ ಆಗಿದ್ದರೂ ಆಗಿರಬಹುದು. ನನಗೆ ಈಗ ಬಲಗೈಯೇ ಕಾಣುತ್ತದೆ, ಆದರೆ ನನ್ನ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುವುದನ್ನು ಒಂದಕ್ಕಿಂತ ಹೆಚ್ಚು ಸಲ ಹಿಡಿದಿದ್ದೇನೆ.

ವಿಶಾಖಪಟ್ಟಣದ ಮಧುರವಾಡದಲ್ಲಿದ್ದ ಆಫೀಸಿನಲ್ಲಿ ಅವರು ನಮ್ಮ ತಂಡದ ಲೀಡ್. ಧಾರವಾಡದವರು, ಮದುವೆಯಾಗಿ ವಿಜಯವಾಡದ ತೆಲುಗು ಮನೆ ಸೇರಿದವರು. ಉಳಿದವರಿಗೆ ‘ಮೇಡಂ’. ಬ್ಯಾಂಕಿನಲ್ಲಿದ್ದ ಅಪ್ಪನ ವರ್ಗಾವಣೆಯಿಂದ ಇದೇ ಊರಲ್ಲಿ ಬೆಳೆದ, ಕನ್ನಡದವನಾದ ನನಗೊಬ್ಬನಿಗೆ ‘ಅಕ್ಕ’. ಶುಕ್ರವಾರ ಸಂಜೆ ವಿಜಯವಾಡದ ರೈಲು ಹತ್ತುವರು. ದುವ್ವಾಡ ಸ್ಟೇಷನ್ ದಾಟಿ ಫೋನಿನ ಸಿಗ್ನಲ್ ಕುಂದತೊಡಗಿದಾಗ ಆ ಹಳೆ ಫೋನ್ ತೆಗೆದು, ವಾರವಿಡೀ ನಾವು ಮಾಡಿದ್ದನ್ನು ಒಂದೊಂದಾಗಿ ತೆರೆಯುವರು. ಸೋಮವಾರ ಬಂದು ಹೇಳುವರು:

“ತುನಿಯಿಂದ ಅನ್ನವರಂ ಬರೂತನಕಾ ನಿನ್ನ ಪೇಜ್ ಬರೇ ಬಿಳೇದ ಇತ್ತಲ್ಲೋ ತಮ್ಮಾ. ಚಾ ಕುಡದು ಕಪ್ ಒಗದು ಬಂದೆ, ಇನ್ನೂ ಬಿಳೇದ!”

ಆಗ ಒಂದು ಕಾಲೇಜಿನ ಪ್ರವೇಶದ ಸೈಟ್ ನಮ್ಮ ಕೈಯಲ್ಲಿತ್ತು. ಒಮ್ಮೆ ತೆರೆದರೆ ಮತ್ತೆ ಲೋಡ್ ಆಗದೆ, ಒಂದೇ ಪುಟದೊಳಗೆ ಪರದೆಗಳು ಬದಲಾಗುವ ಬಗೆಯದು. ಯಾವುದು ಎಲ್ಲಿ ಕೂರಬೇಕು, ಯಾವ ಬಣ್ಣ, ಯಾವುದು ಕಾಣಬಾರದು ಎಂದು ಹೇಳುವ ಸ್ಟೈಲ್‌ಶೀಟುಗಳೆಲ್ಲ ಮೊದಲಿಗೇ ಒಟ್ಟಾಗಿ ಇಳಿಯುತ್ತಿದ್ದವು. ಅದಕ್ಕೇ ಆ ಬಿಳಿ. ಯಾವ ಪರದೆ ತೆರೆಯುತ್ತದೋ ಅದರದ್ದನ್ನಷ್ಟೇ ಆಗ ತರಿಸುವಂತೆ ಮಾಡುವ ಕೆಲಸ ನನಗೆ ಬಂತು. ನನ್ನ ಪ್ರೊಬೇಷನ್ ಮುಗಿಯಲು ಒಂದು ತಿಂಗಳಿತ್ತು. ಮಾಡಿದೆ. ಸೈಟ್ ಚುರುಕಾಯಿತು.

ಹಾಸ್ಟೆಲ್ ಅರ್ಜಿಯ ಕೊನೆಯ ದಿನ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಿಂದ ಒಬ್ಬ ಹುಡುಗಿ ಸೈಟಿನಲ್ಲಿದ್ದ ನಮ್ಮ ನಂಬರಿಗೆ ಫೋನ್ ಮಾಡಿದಳು. ಅರ್ಜಿ ತುಂಬಿದ್ದಾಳೆ, ಕಳಿಸುವ ಬಟನ್ನೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ರಿಫ್ರೆಶ್ ಮಾಡಿ ನೋಡಿದೆ, ಬಟನ್ ಇತ್ತು. ನಿಮ್ಮ ಫೋನ್ ಹಳೆಯದಿರಬೇಕು ಎಂದೆ. ಮೂರನೆಯ ಸಲ ಫೋನ್ ಮಾಡಿದಾಗ ಅವಳು ಅತ್ತಳು. ಅಥವಾ ದನಿ ನಡುಗಿತು ಅಷ್ಟೇ, ಅಳುವನ್ನು ಆಮೇಲೆ ನಾನೇ ಸೇರಿಸಿರಬಹುದು.

ಅಕ್ಕ ಅಂದು ರಜೆಯಲ್ಲಿ ವಿಜಯವಾಡದ ಮನೆಯಲ್ಲಿದ್ದರು. ಹುಡುಗಿಯನ್ನು ದೂರುವ ದನಿಯಲ್ಲೇ ಅವರಿಗೆ ಹೇಳಿದೆ. ಅವರು ವಾದಿಸಲಿಲ್ಲ. ವಿಳಾಸ ಕೇಳಿ, ಆಟೋ ಹತ್ತಿ ಇಬ್ರಾಹಿಂಪಟ್ನಂಗೆ ಹೋದರು. ಅವಳ ಪಕ್ಕ ಕೂತು, ಏನೂ ಹೇಳಿಕೊಡದೆ, ಅವಳು ಮಾಡುವುದನ್ನು ನೋಡಿದರಂತೆ. ಅರ್ಜಿಗೆ ಬೇಕಾದ ಸಂಖ್ಯೆ ಪ್ರವೇಶಪತ್ರದಲ್ಲಿತ್ತು. ಅವಳು ಮೊದಲು ಆ ಪರದೆ ತೆರೆದಳು, ಅಲ್ಲಿಂದ ಅರ್ಜಿಗೆ ಬಂದಳು. ಬಟನ್ ಇರಲಿಲ್ಲ.

ಪ್ರವೇಶಪತ್ರ ಮುದ್ರಿಸುವಾಗ ಕಾಗದದ ಮೇಲೆ ಬಟನ್‌ಗಳು ಬರಬಾರದೆಂದು ಅವನ್ನೆಲ್ಲ ಮರೆಮಾಡುವ ಸ್ಟೈಲ್‌ಶೀಟ್ ಬರೆದವನು ನಾನು. ಪರದೆ ತೆರೆದಾಗ ಅದನ್ನು ತರಿಸಿದ್ದೆ, ಬಿಟ್ಟಾಗ ತೆಗೆದಿರಲಿಲ್ಲ. ಅದು ಅಲ್ಲೇ ಉಳಿದು ಮುಂದಿನ ಪರದೆಯ ಬಟನ್ನನ್ನೂ ಮರೆಮಾಡುತ್ತಿತ್ತು. ರಿಫ್ರೆಶ್ ಮಾಡಿದರೆ ಹೋಗುತ್ತಿತ್ತು, ನಾನೋ ಪ್ರತಿ ಸಲವೂ ರಿಫ್ರೆಶ್ ಮಾಡಿಯೇ ನೋಡುತ್ತಿದ್ದೆ.

“ಬೀಗರನ್ನ ಕರದ್ರ ಸಾಲೂದಿಲ್ಲೋ ತಮ್ಮಾ, ಕಳಿಸಿಕೊಡೂದೂ ಕರದವರ ಕೆಲಸ,” ಎಂದರು ಅಕ್ಕ ಫೋನಿನಲ್ಲಿ. “ನೀ ಕರದಿ, ಕಳಿಸಲಿಲ್ಲ. ಬಾಜೂ ಮನ್ಯಾಗ ಹೋಗಿ ಕುಂತಾರ ನೋಡು.”

“ಈಗಲೇ ತೆಗೀತೀನಿ ಅಕ್ಕಾ.”

“ತೆಗಿ. ಆದ್ರ ರಿಫ್ರೆಶ್ ಮುಟ್ಟಬ್ಯಾಡ. ಈ ಹುಡುಗಿ ಹೆಂಗ ಬಂದಾಳೋ ಹಂಗ ಬಂದು ನೋಡು.”

ಅರ್ಧ ಗಂಟೆಯಲ್ಲಿ ಸರಿಯಾಯಿತು. ಅವಳ ಅರ್ಜಿ ಹೋಯಿತು. ಸಂಜೆ ಕಾಲೇಜಿನವರು ನಮ್ಮೆಲ್ಲರನ್ನೂ ಒಂದೇ ಕರೆಯಲ್ಲಿ ಸೇರಿಸಿ, ಇದು ಯಾರ ತಪ್ಪು ಎಂದು ಕೇಳಿದರು.

“ತಪ್ಪು ನಾದೇನಂಡಿ,” ಎಂದರು ಅಕ್ಕ, ತೆಲುಗಿನಲ್ಲಿ. ತಪ್ಪು ನನ್ನದೇ.

ಆಗ ನಾನೂ ಬಾಯಿಬಿಟ್ಟು ಅವರನ್ನು ತಿದ್ದಿದೆ ಎಂದು ಬಹಳ ಕಾಲ ನಂಬಿದ್ದೆ. ಆ ದಿನದ ಡೈರಿ ತೆಗೆದು ನೋಡಿದರೆ ಒಂದೇ ಸಾಲು: ‘ಬಟನ್ ಸರಿಹೋಯಿತು.’ ಕೆಡಿಸಿದವರು ಯಾರೆಂದು ಇಲ್ಲ. ತಿದ್ದಿದ್ದರೆ ಬರೆಯದೆ ಬಿಡುವವನಲ್ಲ ನಾನು. ಮುಂದಿನ ತಿಂಗಳು ನನ್ನ ನೌಕರಿ ಖಾಯಂ ಆಯಿತು. ಆ ಕಾಲೇಜಿನ ಮುಂದಿನ ಕೆಲಸಕ್ಕೆ ಬೇರೆ ಲೀಡ್ ಬಂದರು. ಅಕ್ಕ ಆ ಮಾತನ್ನು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರು. ವಿಜಯವಾಡದ ಮನೆಗೆ ಹೋದೆ. ಅವರ ಯಜಮಾನರು ನನ್ನನ್ನು ಕೂರಿಸಿ, ತೆಲುಗಿನಲ್ಲಿ ಕೇಳಿದರು:

“ಆ ಕಾಲೇಜಿನ ಬಟನ್ ಕಂಡುಹಿಡಿದ ಹುಡುಗ ನೀನೇ ಅಲ್ಲವಾ ಬಾಬು? ಬಂದವರಿಗೆಲ್ಲ ಹೇಳುತ್ತಿದ್ದಳು.”

ಬಾಯಿಗಿಂತ ಮೊದಲು ತಲೆ ಹೌದೆಂದು ಆಡಿತು. ಆಮೇಲೆ ಹೇಳಿದೆ: “ಕಂಡುಹಿಡಿದವರು ಅವರು. ಕೆಡಿಸಿದವನು ನಾನು. ಅವತ್ತು ಸುಮ್ಮನಿದ್ದೆ.”

“ಅವಳು ಹಾಗೆ ಹೇಳಲಿಲ್ಲವಲ್ಲ,” ಎಂದರು ಅವರು.

ಇದಿಷ್ಟನ್ನೂ ವಾಪಸು ಬರುವ ರೈಲಿನಲ್ಲಿ, ದುವ್ವಾಡ ಬರುವ ಮೊದಲೇ ಬರೆದಿಟ್ಟೆ. ತಲೆ ಆಡಿಸಿದ್ದನ್ನೂ ಸೇರಿಸಿ.